ಗೆಳೆಯನಿಗೊಂದು ಪತ್ರ: ಎಷ್ಟು ಸೇರು ಅಕ್ಕಿ?

ಪ್ರೀತಿಯ ಮಾರಾಯ,

"ಏನು ಓದ್ತಾ ಇದ್ದೀಯ?" ಎಂದು ನೀನು ಮೆಸೇಜ್ ಹಾಕಿ ಎರಡು ವಾರವಾಯಿತು. ಅಲ್ಲೇ ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಕೇಳಿದ್ದಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ರಾತ್ರಿ ಊಟವಾದ ಮೇಲೆ ಮಗಳ ಜೊತೆ ತೇಜಸ್ವಿಯವರ 'ಕರ್ವಾಲೊ' ನಡೆಯುತ್ತಿದೆ. ಅವಳಿಗೆ ಹನ್ನೊಂದು ವರ್ಷ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಶುರುವಾಗುವ ಕತೆ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುತ್ತದಲ್ಲ, ಅವಳಿಗೆ ಓತಿಗಿಂತ ಮಂದಣ್ಣನ ಚಿಂತೆಯೇ ಜಾಸ್ತಿ. "ಪಾಪ, ಅವನಿಗೆ ಮದುವೆ ಆಗುತ್ತಾ ಅಪ್ಪ?" ಎಂದು ದಿನಾ ಕೇಳುತ್ತಾಳೆ. ಮಕ್ಕಳಿಗೆ ಕನ್ನಡ ಓದಿಸುವುದು ಹೇಗೆ ಎಂದು ಕೇಳುವವರಿಗೆಲ್ಲ ಇದನ್ನೇ ಕೊಡುತ್ತೇನೆ. ಒಬ್ಬರೇ ಓದಲು ಬಿಡಬೇಡಿ, ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ.

ಬಸ್ಸಿನಲ್ಲಿ ಬಾನು ಮುಷ್ತಾಕ್ ಅವರ ಕತೆಗಳನ್ನು ಓದುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಬಂದಾಗ ನೀನು ರಾತ್ರಿ ಫೋನ್ ಮಾಡಿ ಕೂಗಿದ್ದೆ. ಬಹುಮಾನ ಬಂದ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ನಲ್ಲಿ 12 ಕತೆಗಳಿವೆ. ನಾನು ಕನ್ನಡದಲ್ಲೇ ಓದುತ್ತಿದ್ದೇನೆ. 'ಎದೆಯ ಹಣತೆ' ಎಂಬ ಕತೆಯಲ್ಲಿ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಗಂಡ ಬೇರೆ ಹೆಂಗಸಿನ ಹಿಂದೆ ಹೋಗಿದ್ದಾನೆ. ಅಣ್ಣಂದಿರು ಅವಳನ್ನು ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ಆ ಕತೆ ಮುಗಿದಾಗ ನನ್ನ ಸ್ಟಾಪ್ ದಾಟಿ ಹೋಗಿತ್ತು.

ಮೂರನೆಯದು ಕಾರಂತರ 'ಮರಳಿ ಮಣ್ಣಿಗೆ'. ಇದನ್ನು ಓದುತ್ತಿರುವುದು ಅಮ್ಮನಿಗಾಗಿ. ಅವಳ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್‌ಗೆ ಇನ್ನೂ ಒಂದು ತಿಂಗಳಿದೆ. ಪುಸ್ತಕ ಹಿಡಿಯದೆ ಅವಳಿಗೆ ಮಧ್ಯಾಹ್ನ ಕಳೆಯುವುದಿಲ್ಲ, ನಿನಗೇ ಗೊತ್ತು. ಅದಕ್ಕೆ ಶನಿವಾರ, ಭಾನುವಾರ ನಾನು ಓದುತ್ತೇನೆ, ಅವಳು ಅವರೆಕಾಳು ಬಿಡಿಸುತ್ತಾ ಕೇಳುತ್ತಾಳೆ.

ಈ ಪುಸ್ತಕಕ್ಕೆ 80 ವರ್ಷ ದಾಟಿದೆ. ನಾನು ಎಷ್ಟು ಜನಕ್ಕೆ ಓದಿ ಎಂದು ಹೇಳಿದ್ದೇನೋ ಲೆಕ್ಕವಿಲ್ಲ. ಮೂರು ತಲೆಮಾರಿನ ಕತೆ, ಕೊನೆಗೆ ಮೊಮ್ಮಗ ರಾಮ ಮಣ್ಣಿಗೆ ಮರಳುತ್ತಾನೆ ಎಂದು ಹೇಳುತ್ತಿದ್ದೆ. ಗಟ್ಟಿಯಾಗಿ ಓದಿದಾಗ ಬೇರೆಯದೇ ಕೇಳಿಸಿತು ಮಾರಾಯ. ರಾಮ ಐತಾಳರು ಪೌರೋಹಿತ್ಯಕ್ಕೆ ಹೋಗುತ್ತಾರೆ. ಮನೆ ನಡೆಸುವವರು ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ. ಮಳೆಗಾಲದಲ್ಲಿ ತೇಲಿ ಬರುವ ಸೌದೆಯನ್ನು ಹಿಡಿದು ತರುವವರೂ ಅವರೇ. ಅಮ್ಮ ಕೈ ನಿಲ್ಲಿಸಿದಳು. "ಇದನ್ನ ಅತ್ತಿಗೆ ಕೇಳಬೇಕಿತ್ತು ಕಣೋ" ಎಂದಳು.

ಅಮ್ಮನಿಗೆ ಅತ್ತಿಗೆ ಅಂದರೆ ನನಗೆ ದೊಡ್ಡತ್ತೆ. ನಿನಗೆ ಒಂದೆಲಗದ ತಂಬುಳಿಯ ದೊಡ್ಡತ್ತೆ. ಹತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ವಾಪಸ್ ಬಂದವರು. 2011ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಶೆಟ್ಟರ ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು ಅಕ್ಷರ ಕೂಡಿಸಿ ಓದುತ್ತಿದ್ದರು, ನೆನಪಿದೆಯಾ?

ಇಲ್ಲಿಗೆ ನಿಲ್ಲಿಸಬೇಕೆಂದುಕೊಂಡಿದ್ದೆ. ಆಗುತ್ತಿಲ್ಲ.

1998ರ ಭಾಷಣ ಸ್ಪರ್ಧೆಯಲ್ಲಿ ನೀನು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ನಾನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನ ಬಗ್ಗೆ ಎಂಟು ನಿಮಿಷ ಮಾತಾಡಿದೆ. ಮಗುವಾಗಿದ್ದಾಗಲೇ ವಿಧವೆಯಾಗಿ 112 ವರ್ಷ ಬಾಳಿದ ಮಲೆನಾಡಿನ ಹೆಂಗಸು. ಅವರನ್ನು ಕಣ್ಣಾರೆ ಕಂಡಿದ್ದ ತಮ್ಮ ಅಮ್ಮನಿಂದ ಇಂದಿರಾ ಕೇಳಿದ ಕತೆ ಅದು. ಮಾತಾಡುವಾಗ ನನ್ನ ಗಂಟಲು ಕಟ್ಟಿತ್ತು. ಮೊದಲ ಬಹುಮಾನವಾಗಿ ಸ್ಟೀಲ್ ಲೋಟ ಬಂತು. ಮನೆಗೆ ಹೋದರೆ ದೊಡ್ಡತ್ತೆ ಒಲೆಯ ಮುಂದೆ ಇದ್ದರು. "ಏನಿದೆಯೋ ಆ ಪುಸ್ತಕದಲ್ಲಿ, ಹೇಳು" ಎಂದರು. "ಅದು ದೊಡ್ಡ ಕತೆ ದೊಡ್ಡತ್ತೆ, ನಿಮಗೆ ಬೇಡ ಬಿಡಿ" ಎಂದೆ. ಲೋಟ ತೋರಿಸಿದೆ. ಅವರು ಅದನ್ನು ತೊಳೆದು ಅದರಲ್ಲೇ ನನಗೆ ಕಾಫಿ ಕೊಟ್ಟರು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಊರಿಗೆಲ್ಲ ಪುಸ್ತಕ ಹೇಳುತ್ತೇನೆ, ಓದಿ ಓದಿ ಎನ್ನುತ್ತೇನೆ. ಅದು ಯಾರ ಬದುಕಿನ ಪುಸ್ತಕವೋ ಅವರು ಎದುರಿಗೇ ನಿಂತು ಕೇಳಿದಾಗ ಹೇಳಲಿಲ್ಲ. ಈಗ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಆ ಭಾನುವಾರ ಅಮ್ಮನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೀನು ಬೆಂಗಳೂರಿಗೆ ಹೋದ ಮೇಲೆ ನಾನೇ ಓದಿ ಹೇಳಿದೆ ಕಣೋ. ಹದಿನೈದು ದಿನ, ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ" ಎಂದಳು. ಅತ್ತೆ ಏನಂದರು ಎಂದು ಕೇಳಿದೆ. ಅತ್ತರಾ? ಇಲ್ಲವಂತೆ. ಫಣಿಯಮ್ಮನ ಮನೆ ತುಂಬ ಜನ ಅಲ್ವಾ? ಕೇಳುತ್ತಾ ಕೇಳುತ್ತಾ ಒಂದೇ ಪ್ರಶ್ನೆ ಕೇಳಿದರಂತೆ: "ಅಷ್ಟು ಜನಕ್ಕೆ ದಿನಕ್ಕೆ ಎಷ್ಟು ಸೇರು ಅಕ್ಕಿ ಹಾಕ್ತಿದ್ರು ಅಂತ ಬರೆದಿದ್ದಾರಾ?"

ನಾನು ಆ ಪುಸ್ತಕವನ್ನು ಎರಡು ಸಲ ಓದಿದ್ದೆ. ಬಹುಮಾನ ತಗೊಂಡಿದ್ದೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಮೂವತ್ತು ಜನಕ್ಕೆ ಅನ್ನ ಬಸಿದ ಕೈಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಅದಕ್ಕೇ ನಾಲ್ಕನೇ ಪುಸ್ತಕ 'ಫಣಿಯಮ್ಮ'. ಆ ಅಕ್ಕಿಯ ಲೆಕ್ಕ ಎಲ್ಲಾದರೂ ಇದೆಯಾ ಎಂದು ಮೊದಲ ಪುಟದಿಂದ ನೋಡಬೇಕು. ಓದುವವರಿಗೂ ನನ್ನದೊಂದು ಮಾತು. 'ಫಣಿಯಮ್ಮ' ಓದಿ, 'ಮರಳಿ ಮಣ್ಣಿಗೆ' ಓದಿ. ಮನೆಯಲ್ಲಿ ಓದಲಾರದವರು ಇದ್ದರೆ ಅವರ ಪಕ್ಕದಲ್ಲೇ ಕೂತು ಓದಿ. ಅವರು ನಡುವೆ ಏನಾದರೂ ಕೇಳಿದರೆ ಪುಸ್ತಕ ಮಡಚಿ ಕೇಳಿಸಿಕೊಳ್ಳಿ.

ಸಾಕು, ತುಂಬಾ ಬರೆದೆ. ನಿನ್ನ ಕೆಲಸ ಒಂದಿದೆ. ಅಂಗಡಿಯಲ್ಲಿ 'ಫಣಿಯಮ್ಮ'ದ ಹೊಸ ಪ್ರತಿ ಸಿಗುತ್ತದೆ, ನನಗೆ ಅದು ಬೇಡ. 2003ರಲ್ಲಿ ನನ್ನ ಮದುವೆಗೆ ಬಂದವನು ಹಳೆಯ ಪ್ರತಿ ಒಯ್ದೆಯಲ್ಲ, ಅದು ಬೇಕು. ಅಮ್ಮ ಓದಿ ಹೇಳಿದ್ದು ಅದರಿಂದಲೇ. ಜಗಲಿಯಲ್ಲಿ ಊಟ ಮಾಡುತ್ತಾ ಓದಿ ತಂಬುಳಿ ಚೆಲ್ಲಿಕೊಂಡಿದ್ದೆ. ದೊಡ್ಡತ್ತೆ ಸೆರಗಿನಲ್ಲಿ ಒರೆಸಿ ಕೊಟ್ಟಿದ್ದರು. ಕಲೆ ಇನ್ನೂ ಇರಬೇಕು, ನೋಡಿ ಹೇಳು. ಶುಕ್ರವಾರದ ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದರೆ ಭಾನುವಾರದ ಹೊತ್ತಿಗೆ ಅಮ್ಮನ ಮುಂದೆ ಇರುತ್ತದೆ.

ನಿನ್ನವನು