ಹೆಡ್‌ಸೆಟ್ ಕೊಳ್ಳುವ ಮೊದಲು ಹಾಕಿ ನೋಡಲು ಅವಕಾಶವಿರಲಿ

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಎರಡನೇ ವರ್ಷದಲ್ಲಿ ಓದುತ್ತಿರುವ ನನ್ನ ಮಗನಿಗೆ ಕಳೆದ ಯುಗಾದಿಯ ವಾರದಲ್ಲಿ ದಾವಣಗೆರೆಯ ಅಂಗಡಿಯೊಂದರಲ್ಲಿ 1,650 ರೂಪಾಯಿ ಕೊಟ್ಟು ಹೆಡ್‌ಸೆಟ್ ಕೊಡಿಸಿದೆ. ಆಟ, ಸಿನಿಮಾ, ಗೆಳೆಯರೊಂದಿಗೆ ಮಾತು ಈ ಮೂರಕ್ಕೂ ಒಂದೇ ಸಾಕಾದೀತು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು. ಡಬ್ಬಿಯ ಮೇಲೆ 7.1 ಸರೌಂಡ್ (ಸುತ್ತಲೂ ಏಳು ಸ್ಪೀಕರ್, ಕೆಳಸ್ವರಕ್ಕೊಂದು ಇದ್ದಂತೆ ಕೇಳಿಸುವುದು) ಎಂದೂ 50 ಮಿಲಿಮೀಟರ್ ಸ್ಪೀಕರ್ ಎಂದೂ ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಕಿವಿಯ ಕಪ್‌ಗಳ ಸುತ್ತ ಬಣ್ಣ ಬದಲಿಸುವ ದೀಪಗಳಿದ್ದವು. ಮನೆಗೆ ತಂದು ಬಿಚ್ಚಿದಾಗ ತಂತಿಯ ತುದಿಯಲ್ಲಿ ಮೂರು ಪಿನ್‌ಗಳು ಕಂಡವು: ಕೇಳಲು ಹಸಿರು, ಮಾತಾಡಲು ಗುಲಾಬಿ, ದೀಪಕ್ಕೆ ಯುಎಸ್‌ಬಿ. ಅವನ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ದುಂಡು ತೂತು. ಹಸಿರು ಪಿನ್ ಸಿಕ್ಕಿಸಿದರೆ ಅವನಿಗೆ ಎಲ್ಲವೂ ಕೇಳಿಸುತ್ತಿತ್ತು, ಅವನ ಮಾತು ಮಾತ್ರ ಯಾರಿಗೂ ಹೋಗುತ್ತಿರಲಿಲ್ಲ. ಮರುದಿನ ಅಂಗಡಿಗೆ ಹೋದರೆ, ಸೀಲು ಒಡೆದ ಮೇಲೆ ವಾಪಸ್ ಪಡೆಯುವುದಿಲ್ಲ, ಪಿನ್ ಹೊಂದದಿರುವುದು ವಸ್ತುವಿನ ದೋಷವೂ ಅಲ್ಲ ಎಂದರು. ಆ ಮಾತಿನ ಎರಡನೇ ಅರ್ಧ ಸರಿಯಾಗಿಯೇ ಇದ್ದುದರಿಂದ ನಾನು ವಾದ ಬೆಳೆಸಲಿಲ್ಲ. ಆದರೆ ಕೊಳ್ಳುವ ಮೊದಲು ಐದು ನಿಮಿಷ ಅದನ್ನು ತಲೆಗೆ ಹಾಕಿ, ಮೈಕಿನಲ್ಲಿ ನಾಲ್ಕು ಮಾತಾಡಿ ನೋಡಲು ಸಾಧ್ಯವಿದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ನಮ್ಮ ಊರಿನ ಅಂಗಡಿಗಳು ಹೆಡ್‌ಸೆಟ್‌ಗಳಿಗೂ ಡೆಮೊ ಪೀಸ್ ಇಡಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೇ ಆ ಪಿನ್ನಿನ ವ್ಯತ್ಯಾಸ ಹೊಳೆಯದೆ ಹೋಯಿತು ಎಂಬ ಬೇಸರದಲ್ಲಿ, ಮುಂದಿನ ತಂದೆತಾಯಿಗಳಿಗಾದರೂ ಅನುಕೂಲವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ದುಂಡು ಪಿನ್ನಿನ ಮೇಲೆ ಮೂರು ಗೆರೆಗಳಿದ್ದರೆ ಅದಕ್ಕೆ ನಾಲ್ಕು ಭಾಗಗಳಿವೆ ಎಂದರ್ಥ: ಎಡಗಿವಿ, ಬಲಗಿವಿ, ಮೈಕ್ ಮತ್ತು ಈ ಮೂರಕ್ಕೂ ಸಮಾನವಾದ ಗ್ರೌಂಡ್. ಒಂದೇ ತೂತಿರುವ ಲ್ಯಾಪ್‌ಟಾಪಿಗೂ ಮೊಬೈಲಿಗೂ ಬೇಕಾದದ್ದು ಇದು. ಎರಡೇ ಗೆರೆಗಳಿದ್ದರೆ ಮೈಕಿಗೆ ಬೇರೆ ಪಿನ್ ಇರುತ್ತದೆ. ಅದು ಹಸಿರು, ಗುಲಾಬಿ ತೂತುಗಳಿರುವ ಡೆಸ್ಕ್‌ಟಾಪಿಗೆ ಹೊಂದುತ್ತದೆ. ಎರಡನ್ನು ಒಂದಾಗಿಸುವ ಕನ್ವರ್ಟರ್ ತಂತಿ ದೊರೆಯುತ್ತದೆ, ನಾನು ಕೊನೆಗೆ 120 ರೂಪಾಯಿಗೆ ಅದನ್ನೇ ತಂದೆ. ದುಂಡು ತೂತೇ ಇಲ್ಲದ ಈಚಿನ ಮೊಬೈಲುಗಳಿಗೆ ಟೈಪ್-ಸಿ ಪಿನ್ ಬೇಕು. ಮನೆಯಲ್ಲಿರುವ ಯಂತ್ರದ ತೂತನ್ನು ನೋಡಿಕೊಳ್ಳದೆ ಅಂಗಡಿಗೆ ಹೊರಡಬಾರದು.

ಕನ್ವರ್ಟರ್ ಬಂದ ಮೇಲೆ ಇನ್ನೊಂದು ತೊಂದರೆ ಕಾಣಿಸಿತು. ಮಗನ ಮಾತಿಗಿಂತ ಹೆಚ್ಚಾಗಿ ನಮ್ಮ ಮನೆಯ ಸೀಲಿಂಗ್ ಫ್ಯಾನು ಮತ್ತು ಅಡುಗೆಮನೆಯ ಮಿಕ್ಸಿ ಕೇಳಿಸುತ್ತವೆ ಎಂದು ಅವನ ಗೆಳೆಯರು ದೂರತೊಡಗಿದರು. ಹೆಡ್‌ಸೆಟ್ಟಿನ ಮೈಕ್ ಕಡ್ಡಿ ಗಿಡ್ಡವಾಗಿದ್ದು, ಕೆನ್ನೆಯ ಹತ್ತಿರವೇ ನಿಂತುಬಿಡುತ್ತಿತ್ತು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧಕ್ಕಿಳಿದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ದೂರದ ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ತುಟಿಯ ಅಂಚಿನಿಂದ ಎರಡು ಬೆರಳಗಲದವರೆಗೆ ಬಾಗಿಸಬಹುದಾದ, ಬಾಗಿಸಿದಲ್ಲಿಯೇ ನಿಲ್ಲುವ ಮೈಕ್ ಕಡ್ಡಿಯು ಡಬ್ಬಿಯ ಮೇಲಿನ ಬೇರೆ ಯಾವ ಹೊಗಳಿಕೆಗಿಂತಲೂ ಮುಖ್ಯವಾದದ್ದು. ಡಬ್ಬಿಗಳ ಮೇಲೆ ಎಎನ್‌ಸಿ, ಇಎನ್‌ಸಿ ಎಂಬ ಎರಡು ಮಾತುಗಳು ಬರುತ್ತವೆ, ಅಂಗಡಿಯ ಹುಡುಗರೂ ಇವೆರಡನ್ನು ಒಂದೇ ಎಂಬಂತೆ ಹೇಳುತ್ತಾರೆ. ಮೊದಲನೆಯದು ಹೊರಗಿನ ಸದ್ದನ್ನು ನಮ್ಮ ಕಿವಿಗೆ ಕಡಿಮೆ ಮಾಡುತ್ತದೆ; ಎರಡನೆಯದು ನಮ್ಮ ಸುತ್ತಲಿನ ಸದ್ದು ಎದುರಿನವರಿಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಗುಂಪಾಗಿ ಆಡುತ್ತ ಮಾತಾಡುವವರಿಗೆ ಬೇಕಾದದ್ದು ಎರಡನೆಯದು.

ನಾನೂ ಮಗನೂ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಫ್ಯಾನನ್ನು ಐದರ ಮೇಲಿಟ್ಟು, ಸರ, ಶರ, ಪಲ, ಫಲ, ಕರ, ಖರ ಎಂದು ಅವನು ಹೆಡ್‌ಸೆಟ್ಟಿನಲ್ಲಿ ಹೇಳಿ ರೆಕಾರ್ಡ್ ಮಾಡಿದ. ನಾನು ಪಕ್ಕದ ಕೋಣೆಯಲ್ಲಿ ಅದನ್ನು ಕೇಳಿ ಬರೆದುಕೊಂಡೆ. ಸರ, ಶರ ನನಗೆ ಒಂದೇ ಆಗಿ ಕೇಳಿಸಿದವು. ನಂಟರೊಬ್ಬರ ಹಳೆಯ, ದೀಪಗಳಿಲ್ಲದ, ಯುಎಸ್‌ಬಿ ಪಿನ್ನಿನ ಹೆಡ್‌ಸೆಟ್ಟಿನಲ್ಲಿ ಅದೇ ಆರು ಪದಗಳನ್ನು ಒಂದೂ ತಪ್ಪಿಲ್ಲದೆ ಬರೆದೆ. ಕನ್ನಡದ ಸ, ಶಗಳ ವ್ಯತ್ಯಾಸವನ್ನೂ ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸವನ್ನೂ ದಾಟಿಸುವ ಮೈಕು, ಫೋನಿನ ಮಾತಿಗೂ ಆನ್‌ಲೈನ್ ಪಾಠಕ್ಕೂ ಸಾಕಾಗುತ್ತದೆ. ಅಂಗಡಿಯಲ್ಲಿ ನಿಂತು ಯಾರು ಬೇಕಾದರೂ ತಮ್ಮ ಮೊಬೈಲಿನ ರೆಕಾರ್ಡರಿನಲ್ಲಿ ಈ ಪರೀಕ್ಷೆಯನ್ನು ಎರಡು ನಿಮಿಷದಲ್ಲಿ ಮಾಡಬಹುದು.

ತಂತಿಯ ಗೋಜೇ ಬೇಡ, ಬ್ಲೂಟೂತ್ ಕೊಳ್ಳಿ ಎಂದು ಶಾಲೆಯ ಸಹೋದ್ಯೋಗಿಗಳು ಸಲಹೆ ಕೊಟ್ಟರು. ಸಿನಿಮಾಕ್ಕೆ ಅದು ಚೆನ್ನಾಗಿಯೇ ಇದೆ. ಆದರೆ ಸಾಮಾನ್ಯ ಬ್ಲೂಟೂತಿನಲ್ಲಿ ಮೈಕ್ ಚಾಲೂ ಆದೊಡನೆ ಕೇಳಿಸುವ ಸದ್ದು ಕೂಡ ಫೋನ್ ಕರೆಯ ಮಟ್ಟಕ್ಕೆ ಇಳಿದು, ಎಡ ಬಲಗಳ ಭೇದವಿಲ್ಲದೆ ಎರಡೂ ಕಿವಿಗೆ ಒಂದೇ ಆಗಿಬಿಡುತ್ತದೆ. ಆಟದ ನಡುವೆ ಗೆಳೆಯನೊಡನೆ ಮಾತಾಡಿದೊಡನೆ ಶತ್ರು ಯಾವ ಕಡೆಯಿಂದ ಬರುತ್ತಿದ್ದಾನೆಂಬುದು ತಿಳಿಯದೆ ಹೋಗುವುದಕ್ಕೆ ಇದೇ ಕಾರಣ. ಜೊತೆಗೆ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ತಡವಾಗಿ ತಲಪುತ್ತದೆ. ಸಿನಿಮಾ ತೋರಿಸುವ ಆ್ಯಪ್ ಚಿತ್ರವನ್ನೂ ಅಷ್ಟೇ ತಡೆದು ತುಟಿಯ ಚಲನೆಗೆ ಮಾತನ್ನು ಹೊಂದಿಸಬಲ್ಲದು. ಆಟದಲ್ಲಿ ಗುಂಡಿ ಒತ್ತುವವರೆಗೆ ಮುಂದಿನ ಸದ್ದು ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಹಾಗೆ ಹೊಂದಿಸಲು ಬರುವುದಿಲ್ಲ. ಸಣ್ಣ ಯುಎಸ್‌ಬಿ ರಿಸೀವರ್ ಜೊತೆಗೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್‌ಗಳಿಗೆ ಈ ತೊಂದರೆ ಬಹಳ ಕಡಿಮೆ, ಅವುಗಳ ಬೆಲೆ ಮಾತ್ರ ಹೆಚ್ಚು. ಎರಡು ಸಾವಿರದೊಳಗೆ ಮೂರೂ ಕೆಲಸ ಆಗಬೇಕೆನ್ನುವವರಿಗೆ ತಂತಿಯದೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು 7.1. ನಮಗಿರುವುದು ಎರಡು ಕಿವಿ, ಆ ಹೆಡ್‌ಸೆಟ್ಟಿನಲ್ಲಿ ಇರುವುದೂ ಎರಡೇ ಸ್ಪೀಕರ್. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ, ತುಸು ಕ್ಷೀಣವಾಗಿಯೂ ಇರುತ್ತದೆ. ಇಷ್ಟರಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಈ ಬೆಲೆಯ ಡಬ್ಬಿಯ ಮೇಲಿನ 7.1 ಎಂಬುದು ಸಾಫ್ಟ್‌ವೇರಿನ ಕೆಲಸ. ಅಂಥದೇ ಕೆಲಸ ಮಾಡುವ ವಿಂಡೋಸ್ ಸೋನಿಕ್ ಎಂಬ ಸೌಲಭ್ಯ ವಿಂಡೋಸ್ 10 ಮತ್ತು 11ರಲ್ಲಿ ಉಚಿತವಾಗಿಯೇ ಇರುವಾಗ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ. 50 ಮಿಲಿಮೀಟರ್ ಸ್ಪೀಕರ್ 40ಕ್ಕಿಂತ ಮೇಲು ಎಂಬುದೂ ಹಾಗೆಯೇ. ಅಳತೆಯೊಂದರಿಂದ ಗುಣ ತಿಳಿಯುವುದಿಲ್ಲ. ಕೇಳಿಸುವ ಸ್ವರಗಳ ವ್ಯಾಪ್ತಿಯನ್ನು ಹೇಳುವ 20ರಿಂದ 20,000 ಹರ್ಟ್ಸ್ ಎಂಬ ಅಂಕಿ ಹೆಚ್ಚಿನ ಡಬ್ಬಿಗಳ ಮೇಲೂ ಇರುವುದರಿಂದ ಆಯ್ಕೆಗೆ ನೆರವಾಗುವುದಿಲ್ಲ. ನಿಜವಾಗಿ ಗಮನಿಸಬೇಕಾದದ್ದು ಬೇಸ್ ವಿಪರೀತವಾಗಿದೆಯೇ ಎಂಬುದನ್ನು. ಕೆಳಸ್ವರದ ದೊಡ್ಡ ಸದ್ದು ಅದಕ್ಕಿಂತ ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಆದ್ದರಿಂದ ಬೇಸ್ ಅತಿಯಾದರೆ ಆಟದಲ್ಲಿ ಹೆಜ್ಜೆಯ ಸಪ್ಪಳವೂ ಸಿನಿಮಾದಲ್ಲಿ ಸಂಭಾಷಣೆಯೂ ಮುಳುಗಿಹೋಗುತ್ತವೆ, ಅದನ್ನು ಕೇಳಿಸಿಕೊಳ್ಳಲು ಮಕ್ಕಳು ವಾಲ್ಯೂಮ್ ಏರಿಸುತ್ತಾರೆ.

ಆ ವಾಲ್ಯೂಮಿನ ವಿಷಯದಲ್ಲಿ ತಾಯಿಯಾಗಿ ನನಗೆ ಆತಂಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಸುರಕ್ಷಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡುವ ಹುಡುಗರ ವಾರದ ಲೆಕ್ಕವನ್ನು ಓದುಗರೇ ಹಾಕಬಹುದು. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಕಿವಿಯನ್ನು ಪೂರ್ತಿ ಆವರಿಸುವ ಮುಚ್ಚಿದ ಕಪ್‌ಗಳಿದ್ದರೆ ಫ್ಯಾನಿನ ಸದ್ದು ಒಳಬರುವುದು ಕಡಿಮೆಯಾಗಿ, ಕಡಿಮೆ ವಾಲ್ಯೂಮಿನಲ್ಲೇ ಎಲ್ಲ ಕೇಳಿಸುತ್ತದೆ.

ಮುಚ್ಚಿದ ಕಪ್ ಎಂದರೆ ಸೆಕೆಯೂ ಹೌದು. ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ, ರಾತ್ರಿ ಹತ್ತಾದರೂ ಗೋಡೆಗಳ ಕಾವು ಇಳಿಯದ ಮನೆಯಲ್ಲಿ, ರೆಕ್ಸಿನ್ ಹೊದಿಸಿದ ಕುಶನ್ನಿನೊಳಗೆ ಅರ್ಧ ಗಂಟೆಗೇ ಬೆವರು ಹರಿಯುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಹೆಡ್‌ಸೆಟ್ಟಿನ ರೆಕ್ಸಿನ್ ಬಿರಿದು ಸಿಪ್ಪೆಯೇಳತೊಡಗಿತು. ಬೆಳಿಗ್ಗೆ ಮಗನ ಕಿವಿಯ ಹಿಂದೆ, ದಿಂಬಿನ ಬಿಳಿಯ ಗವಸಿನ ಮೇಲೆ ಎಳ್ಳಿನಂತೆ ಕಪ್ಪು ಚೂರುಗಳು ಅಂಟಿಕೊಂಡಿರುತ್ತಿದ್ದವು. ಬಟ್ಟೆಯ ಕುಶನ್ ಹೊರಗಿನ ಸದ್ದನ್ನು ತುಸು ಕಡಿಮೆ ತಡೆದರೂ ನಮ್ಮ ಹವೆಗೆ ಅದೇ ಒಳ್ಳೆಯದು. ಕುಶನ್ ಬೇರೆ ಸಿಗುತ್ತದೆಯೇ, ಬಿಚ್ಚಿ ಹಾಕಲು ಬರುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು. ತೂಕ 300 ಗ್ರಾಂ ಒಳಗಿದ್ದರೆ ಕುತ್ತಿಗೆಗೆ ಹಿತ. ಕನ್ನಡಕ ಹಾಕುವ ಮಕ್ಕಳಿಗೆ ಕಪ್ ಒತ್ತಿದರೆ ಕಿವಿಯ ಮೇಲ್ಭಾಗ ನೋಯುತ್ತದೆ, ಇದನ್ನು ತಲೆಗೆ ಹಾಕಿ ನೋಡದೆ ತಿಳಿಯಲು ಬೇರೆ ದಾರಿಯಿಲ್ಲ.

ಕಾನೂನಿನ ರಕ್ಷಣೆ ನಮಗೆ ಇಲ್ಲವೆಂದಲ್ಲ. ಬಿಲ್ ಕೊಡದಿರುವುದನ್ನೂ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯಲು ನಿರಾಕರಿಸುವುದನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳುತ್ತದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಬಹುದು. ಆದರೆ ಪಿನ್ ಹೊಂದದಿದ್ದರೆ, ಮೈಕ್ ಕೆನ್ನೆಯ ಬಳಿಯೇ ನಿಂತರೆ, ಕಪ್ ಕಿವಿಯನ್ನು ಒತ್ತಿದರೆ ಅದನ್ನು ದೋಷವೆಂದು ಸಾಧಿಸುವುದು ಕಷ್ಟ. ಅದಕ್ಕೆ ಪರಿಹಾರ ಅಂಗಡಿಯ ಕೌಂಟರಿನ ಮೇಲೆಯೇ ಇರಬೇಕು.

ಬಟ್ಟೆಯಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚಿ ಸೆರಗು ತೋರಿಸುತ್ತಾರೆ, ಚಪ್ಪಲಿ ಅಂಗಡಿಯಲ್ಲಿ ಹಾಕಿ ನಡೆದು ನೋಡಿ ಎನ್ನುತ್ತಾರೆ. ಮೊಬೈಲ್ ಅಂಗಡಿಗಳಲ್ಲೂ ಫೋನುಗಳ ಡೆಮೊ ಪೀಸ್‌ಗಳು ಸಾಲಾಗಿ ಇರುತ್ತವೆ. ಹೆಡ್‌ಸೆಟ್‌ಗಳು ಮಾತ್ರ ಗಾಜಿನ ಹಿಂದೆ ಸೀಲು ಮಾಡಿದ ಡಬ್ಬಿಯಲ್ಲೇ ಉಳಿಯುತ್ತವೆ. ಹೆಚ್ಚು ಮಾರಾಟವಾಗುವ ನಾಲ್ಕೈದು ಮಾದರಿಗಳಲ್ಲಿ ಒಂದೊಂದನ್ನು ಬಿಚ್ಚಿಟ್ಟು, ಕುಶನ್ನಿಗೆ ಒರೆಸಬಹುದಾದ ಹೊದಿಕೆ ಹಾಕಿ, ಒಂದು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿಟ್ಟರೆ ಅಂಗಡಿಯವರಿಗೆ ಆಗುವ ಖರ್ಚು ಏಳೆಂಟು ಸಾವಿರ ರೂಪಾಯಿ ಮೀರಲಾರದು. ಕಂಪನಿಯ ವಿತರಕರು ಆ ಪೀಸ್‌ಗಳನ್ನು ಕೊಟ್ಟರೆ ಅದೂ ಇರುವುದಿಲ್ಲ. ಇಂಜಿನಿಯರಿಂಗ್, ಮೆಡಿಕಲ್, ಪಾಲಿಟೆಕ್ನಿಕ್ ಓದಲು ಸುತ್ತಲಿನ ಜಿಲ್ಲೆಗಳಿಂದ ಬಂದು ಹಾಸ್ಟೆಲುಗಳಲ್ಲಿರುವ ವಿದ್ಯಾರ್ಥಿಗಳು ದಾವಣಗೆರೆಯಲ್ಲಿ ಬಹಳಷ್ಟಿದ್ದಾರೆ, ಅವರಲ್ಲಿ ಹೆಚ್ಚಿನವರು ಊಟತಿಂಡಿಯ ಖರ್ಚಿನಲ್ಲಿ ಉಳಿಸಿ ಇಂಥವನ್ನು ಕೊಳ್ಳುವವರು. ಬರುವ ಯುಗಾದಿಯ ಮಾರಾಟ ಶುರುವಾಗುವುದರೊಳಗೆ ಎರಡು ಮೂರು ಅಂಗಡಿಯವರಾದರೂ ಇದನ್ನು ಜಾರಿಗೆ ತರಬೇಕೆಂದು ಕೋರುತ್ತೇನೆ. ನನ್ನ ಮಗನ ಹೆಡ್‌ಸೆಟ್ಟಿಗೆ ಬದಲಿಯನ್ನು ಹಾಗೆ ಮಾಡುವ ಅಂಗಡಿಯಲ್ಲೇ ಕೊಳ್ಳುತ್ತೇನೆ.

ಇಂತಿ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ವಿದ್ಯಾನಗರ, ದಾವಣಗೆರೆ