ಗೀಟು ಹಾಕಿದ ಬೆಲೆಗೂ ಪುರಾವೆ ಬೇಕು

ಮಾನ್ಯ ಸಂಪಾದಕರೇ,

ಸುಳ್ಳು ರಿಯಾಯಿತಿಗೆ ಮರುಳಾಗುವ ಗ್ರಾಹಕರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅಂಥ ಜಾಹೀರಾತು ಕೊಟ್ಟ ವ್ಯಾಪಾರಿ ಯಾವ ತೊಡಕಿಗೆ ಸಿಲುಕುತ್ತಾನೆ ಎಂಬ ಮಾತು ಮಾತ್ರ ಅಪರೂಪ. ಚಿಲ್ಲರೆ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವ ನಾನು, ಈ ಅಪಾಯದ ಅರಿವು ವ್ಯಾಪಾರಿಗಳಲ್ಲೇ ಸಾಲದು ಎಂಬ ಕಳವಳದಿಂದ ಬರೆಯುತ್ತಿದ್ದೇನೆ.

ಹಳೆಯ ಬೆಲೆಗೆ ಗೀಟು ಹಾಕಿ ಕೆಳಗೆ ಹೊಸ ಬೆಲೆಯನ್ನು ದಪ್ಪಕ್ಷರದಲ್ಲಿ ಬರೆಯುವುದು ಎಲ್ಲರೂ ಕಂಡದ್ದೇ. ತಕರಾರು ಹುಟ್ಟುವುದು ಹೆಚ್ಚಾಗಿ ಆ ಗೀಟು ಹಾಕಿದ ಅಂಕಿಯಿಂದ. ಏಕೆಂದರೆ ಈ ವಸ್ತುವನ್ನು ಮೊನ್ನೆಯವರೆಗೂ ಇಷ್ಟಕ್ಕೆ ಮಾರುತ್ತಿದ್ದೆವು ಎಂದು ಅದು ಸಾರುತ್ತದೆ, ಆ ಮಾತು ಸುಳ್ಳಾದರೆ ಜಾಹೀರಾತೇ ಸುಳ್ಳಾಗುತ್ತದೆ. ಒಂದು ಅಂಗಡಿಯಲ್ಲಿ ರಿಯಾಯಿತಿಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಾಗ ಅಡಿಯಲ್ಲಿದ್ದ ಹಳೆಯ ಚೀಟಿಯಲ್ಲೂ ಅದೇ ‘ಇಳಿಸಿದ’ ಬೆಲೆಯಿದ್ದದ್ದನ್ನು ನಾನು ಕಂಡೆ. ‘ಎಲ್ಲರೂ ಹೀಗೇ ಮಾಡುತ್ತಾರೆ’ ಎಂದರು ಮಾಲೀಕರು. ಕಾನೂನಿನ ಮುಂದೆ ಆ ಉತ್ತರ ನಿಲ್ಲುವುದಿಲ್ಲ.

ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ ಪ್ರಕಾರ, ಬೆಲೆ ಇಳಿಸಿದ್ದೇವೆ ಎನ್ನುವ ವ್ಯಾಪಾರಿ ಸಾಮಾನ್ಯವಾಗಿ ಹಿಂದಿನ 30 ದಿನಗಳಲ್ಲಿ ತಾನೇ ಇಟ್ಟಿದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಶೇಕಡಾವಾರು ಇಳಿಕೆಯನ್ನೂ ಅದೇ ಬೆಲೆಯ ಮೇಲೆ ಲೆಕ್ಕ ಹಾಕಬೇಕೆಂದು ಅಲ್ಲಿನ ನ್ಯಾಯಾಲಯ 2024ರಲ್ಲಿ ಹೇಳಿತು. ರಿಯಾಯಿತಿ ಮಾರಾಟಕ್ಕೆ ಎರಡು ದಿನ ಮೊದಲು ಬೆಲೆ ಏರಿಸಿ, ಆಮೇಲೆ ಇಳಿಸುವ ಹಳೆಯ ಜಾಣತನಕ್ಕೆ ಈ ಒಂದೇ ನಿಯಮ ಅಡ್ಡ ನಿಂತಿದೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಗ್ರಾಹಕರ ಹಿತವನ್ನೂ ಕಾಯುವ ಸ್ಪರ್ಧಾ ಪ್ರಾಧಿಕಾರವು ನ್ಯಾಯಾಲಯಕ್ಕೆ ಹೋಗದೆ ತಾನೇ, ಸಂಸ್ಥೆಯ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡ ಹಾಕಬಲ್ಲದು. ಅಮೆರಿಕದಲ್ಲಂತೂ ಗ್ರಾಹಕರು ಒಟ್ಟಾಗಿ ಹೂಡುವ ದಾವೆಗಳ ಭಯ ಬೇರೆ.

ಸಣ್ಣಕ್ಷರದ ಷರತ್ತು ತಮ್ಮನ್ನು ಕಾಪಾಡುತ್ತದೆ ಎಂದು ನಂಬಿದವರೂ ಇದ್ದಾರೆ. ದಾರಿ ತಪ್ಪಿಸುವ ಜಾಹೀರಾತು ತಡೆಯಲು ಭಾರತ ತಂದ 2022ರ ಮಾರ್ಗಸೂಚಿಯು, ಷರತ್ತಿನ ಟಿಪ್ಪಣಿಯಿಂದ ದಾರಿ ತಪ್ಪಿಸುವ ಮಾತನ್ನು ಸರಿಪಡಿಸಲು ಹೊರಡಬಾರದು, ಆ ಟಿಪ್ಪಣಿ ಜಾಹೀರಾತಿನ ಭಾಷೆಯಲ್ಲೇ ಇರಬೇಕು ಎನ್ನುತ್ತದೆ. ಸಾಕಷ್ಟು ದಾಸ್ತಾನಿಲ್ಲದೆ ಅಗ್ಗದ ಬೆಲೆ ಸಾರಿ ಜನರನ್ನು ಅಂಗಡಿಗೆ ಸೆಳೆಯುವುದನ್ನೂ ಅದು ತಡೆಯುತ್ತದೆ.

ನಾನು ಕಂಡಂತೆ ಇಂಥ ತಪ್ಪುಗಳಲ್ಲಿ ಬಹಳಷ್ಟು ದುರುದ್ದೇಶದವಲ್ಲ. ಜಾಹೀರಾತು ಬರೆಯುವವರು ಒಬ್ಬರು, ಬೆಲೆ ನಿಗದಿ ಮಾಡುವವರು ಇನ್ನೊಬ್ಬರು. ನಡುವೆ ಯಾರೂ ಹಳೆಯ ಬಿಲ್ಲು ತೆಗೆದು ನೋಡುವುದಿಲ್ಲ. ಆದರೆ ನೋಟಿಸು ಬಂದಾಗ ಉದ್ದೇಶ ಒಳ್ಳೆಯದಿತ್ತು ಎಂದರೆ ಸಾಲದು, ಕಾಗದ ತೋರಿಸಬೇಕಾಗುತ್ತದೆ. ಪ್ರತಿ ವಸ್ತುವಿನ ಬೆಲೆ ಯಾವ ದಿನ ಬದಲಾಯಿತು, ಆ ಬೆಲೆಗೆ ಎಷ್ಟು ದಿನ ಮಾರಾಟಕ್ಕಿತ್ತು ಎಂಬುದನ್ನು ದಿನಾಂಕ ಸಹಿತ ಬರೆದಿಟ್ಟು, ಆ ದಾಖಲೆ ನೋಡಿದ ಮೇಲಷ್ಟೇ ಜಾಹೀರಾತನ್ನು ಅಚ್ಚಿಗೆ ಕಳಿಸುವ ಪದ್ಧತಿಯನ್ನು ವರ್ತಕರ ಸಂಘಗಳು ತಮ್ಮ ಸದಸ್ಯರಲ್ಲಿ ರೂಢಿಗೆ ತರಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಲೆಕ್ಕಿಗ