ಬೀಜಗಣಿತದ ಮೊದಲ ಪಾಠಕ್ಕೆ ಯಾಕಿಷ್ಟು ಆತುರ?

ಸಂಪಾದಕರೇ,

ಮಕ್ಕಳಿಗೆ ಗಣಿತ ಕಷ್ಟ ಎಂಬ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಆ ಕಷ್ಟ ಯಾವ ಜಾಗದಲ್ಲಿ ಶುರುವಾಗುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ನಾನು 6 ಮತ್ತು 7ನೇ ತರಗತಿಗೆ ಗಣಿತ ಹೇಳಿಕೊಡುವವಳು. ಅಲ್ಲಿಯವರೆಗೆ ಲೆಕ್ಕದಲ್ಲಿ ಚುರುಕಾಗಿದ್ದ ಎಷ್ಟೋ ಮಕ್ಕಳು ಬೀಜಗಣಿತದ ಮೊದಲ ಪಾಠದಲ್ಲೇ ಕೈಚೆಲ್ಲುತ್ತಾರೆ. ಇದರಲ್ಲಿ ಅವರ ತಪ್ಪೇನಿಲ್ಲ. ಸಮ ಚಿಹ್ನೆ ಏನು ಹೇಳುತ್ತಿದೆ, ಅಕ್ಷರ ಯಾವುದರ ಬದಲು ನಿಂತಿದೆ, ಈ ಎರಡು ವಿಷಯ ತಲೆಗೆ ಹೋಗುವ ಮೊದಲೇ ನಾವು ನಿಯಮಗಳನ್ನು ಬಾಯಿಪಾಠ ಮಾಡಿಸುತ್ತೇವೆ.

ಅನುಮಾನವಿದ್ದರೆ ಓದುಗರು ಮನೆಯಲ್ಲೇ ನೋಡಬಹುದು. ಮಗುವಿನ ಮುಂದೆ 8 + 4 = □ + 5 ಎಂದು ಬರೆದಿಟ್ಟು, ಖಾಲಿ ಚೌಕದಲ್ಲಿ ಏನು ಬರಬೇಕು ಅಂತ ಕೇಳಿ. ಬಹಳ ಮಕ್ಕಳು 12 ಎನ್ನುತ್ತಾರೆ. ಕೆಲವರು ಕಂಡ ಸಂಖ್ಯೆಗಳನ್ನೆಲ್ಲ ಕೂಡಿ 17 ಎನ್ನುತ್ತಾರೆ. ಸರಿ ಉತ್ತರ 7. ಗಣಿತ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಇದು ಹಳೆಯ ಪ್ರಶ್ನೆ, ಅವರಿಗೂ ಸಿಕ್ಕ ತಪ್ಪು ಉತ್ತರಗಳು ಇವೇ ಎರಡು. ಕಾರಣ ಸುಲಭ. ಒಂದನೇ ತರಗತಿಯಿಂದ ಮಗು ಆ ಚಿಹ್ನೆಯನ್ನು ನೋಡಿದ್ದೆಲ್ಲ ಲೆಕ್ಕದ ಕೊನೆಯಲ್ಲಿ, ಉತ್ತರದ ಪಕ್ಕದಲ್ಲಿ. ಹಾಗಾಗಿ ಅದು ಕಂಡ ಕೂಡಲೇ ಉತ್ತರ ಬರೆಯಬೇಕು ಅಂತ ಮಗು ತಿಳಿದುಕೊಂಡಿರುತ್ತದೆ. 3 + 5 = 8 × 2 = 16 − 4 = 12 ಎಂದು ಒಂದೇ ಸಾಲಿನಲ್ಲಿ ಬರೆದದ್ದನ್ನು ಬೋರ್ಡಿನ ಮೇಲೂ ನೋಡಿದ್ದೇನೆ. ಇದನ್ನು ಬರೆದ ಹಾಗೇ ಓದಿದರೆ 3 + 5 ಮತ್ತು 12 ಒಂದೇ ಅಂತಾಗುತ್ತದೆ, ಅಲ್ವಾ? 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ತಂದಾಗ ಎರಡು ಸಮಾನಾಂತರ ಗೆರೆಗಳನ್ನು ಆರಿಸಿಕೊಂಡ. ಅವಕ್ಕಿಂತ ಸಮವಾದ ಎರಡು ವಸ್ತುಗಳು ಇರಲಾರವು ಎಂಬುದು ಅವನು ಕೊಟ್ಟ ಕಾರಣ. ಮಗುವಿಗೆ ಸಿಗಬೇಕಾದ್ದು ಈ ಅರ್ಥ: ಎಡಭಾಗ, ಬಲಭಾಗ ಎರಡರ ಬೆಲೆಯೂ ಒಂದೇ.

ಅದು ಸಿಗದಿದ್ದಾಗ ಪಕ್ಷಾಂತರ, ಅಂದರೆ ಸಮ ಚಿಹ್ನೆಯ ಒಂದು ಕಡೆ ಇರುವುದನ್ನು ಇನ್ನೊಂದು ಕಡೆಗೆ ಕಳಿಸುವುದು, ಸುಮ್ನೆ ಮಂತ್ರವಾಗುತ್ತದೆ. 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ' ಅಂತ ನಾವು ಹೇಳಿಕೊಟ್ಟಿರುತ್ತೇವೆ. ಮಗು 3ಎಕ್ಸ್ = 12 ಎಂಬಲ್ಲಿ 3ನ್ನು ಆ ಕಡೆ ಕಳಿಸಿ, ಚಿಹ್ನೆ ಬದಲಿಸಿ, 12 − 3 ಮಾಡಿ 9 ಎನ್ನುತ್ತದೆ. ಇನ್ನೊಂದು ಮಗು 12ನ್ನು −3ರಿಂದ ಭಾಗಿಸಿ −4 ಎನ್ನುತ್ತದೆ. ಇಬ್ಬರೂ ನಾವು ಹೇಳಿದ್ದನ್ನೇ ಮಾಡಿದ್ದಾರೆ! ತಕ್ಕಡಿಯಿಂದ ಶುರು ಮಾಡಿದರೆ ಈ ಗೊಂದಲ ಬಹಳ ಕಡಿಮೆಯಾಗುತ್ತದೆ. ಎರಡೂ ತಟ್ಟೆಯಿಂದ ಒಂದೇ ತೂಕ ತೆಗೆದರೆ, ಎರಡನ್ನೂ ಅಷ್ಟೇ ಪಾಲು ಮಾಡಿದರೆ, ಮುಳ್ಳು ಅಲ್ಲಾಡುವುದಿಲ್ಲ. ಋಣ ಸಂಖ್ಯೆ ಬಂದ ಕೂಡಲೇ ತಕ್ಕಡಿ ಕೈಕೊಡುತ್ತದೆ, ನಿಜ. −5ನ್ನು ತಟ್ಟೆಯಲ್ಲಿ ಇಡುವುದು ಹೇಗೆ? ಆದರೆ ಅಷ್ಟರಲ್ಲಿ 'ಎರಡೂ ಕಡೆ ಒಂದೇ ಕೆಲಸ' ಎಂಬುದು ಮನಸ್ಸಿನಲ್ಲಿ ಕೂತಿರುತ್ತದೆ. ಪಕ್ಷಾಂತರವನ್ನು ಆಮೇಲೆ, ಅದರ ಒಳದಾರಿಯಾಗಿ ಕಲಿಸಬಹುದು.

ಇನ್ನು ಅಕ್ಷರದ ವಿಷಯ. ಬೇಗ ಅರ್ಥವಾಗಲಿ ಅಂತ ಎಷ್ಟೋ ಕಡೆ 'ಪ ಎಂದರೆ ಪೆನ್ನು, 3ಪ ಎಂದರೆ ಮೂರು ಪೆನ್ನು' ಎನ್ನುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಬೇಕು. ಪ ಎನ್ನುವುದು ಪೆನ್ನುಗಳ ಸಂಖ್ಯೆ ಇರಬಹುದು, ಒಂದು ಪೆನ್ನಿನ ಬೆಲೆ ಇರಬಹುದು. ಏನೇ ಆದರೂ ಅದು ಒಂದು ಸಂಖ್ಯೆ. ಪೆನ್ನನ್ನು ಪೆನ್ನಿನಿಂದ ಗುಣಿಸಲು ಆಗುತ್ತದೆಯೇ? ಮುಂದೆ ಪ × ಪ ಬಂದಾಗ ಆ ಮಗು ಏನು ಮಾಡಬೇಕು? ಈ ಗೊಂದಲ ದೊಡ್ಡವರಾದರೂ ಹೋಗುವುದಿಲ್ಲ. 'ವಿದ್ಯಾರ್ಥಿಗಳು ಪ್ರಾಧ್ಯಾಪಕರ ಆರು ಪಟ್ಟು ಇದ್ದಾರೆ, ಸಮೀಕರಣ ಬರೆಯಿರಿ' ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವವರಿಗೆ ಕೊಟ್ಟಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ತಪ್ಪು ಬರೆದರು. 1980ರ ದಶಕದ ಆರಂಭದಲ್ಲಿ ಪ್ರಕಟವಾದ ಅಧ್ಯಯನ ಇದು. ಹೆಚ್ಚಿನವರು ಆರನ್ನು ವಿದ್ಯಾರ್ಥಿಗಳ ಅಕ್ಷರದ ಪಕ್ಕ ಇಟ್ಟಿದ್ದರು. ಅದು ಇರಬೇಕಾದ್ದು ಪ್ರಾಧ್ಯಾಪಕರ ಅಕ್ಷರದ ಪಕ್ಕ, ಪ್ರಾಧ್ಯಾಪಕರ ಸಂಖ್ಯೆಯನ್ನು ಆರರಿಂದ ಗುಣಿಸಿದರೆ ತಾನೇ ವಿದ್ಯಾರ್ಥಿಗಳ ಸಂಖ್ಯೆ ಸಿಗುವುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಮೊದಲ ಪಾಠಕ್ಕೆ ಬೇಕಾಗಿರುವುದು ಒಂದಷ್ಟು ಕಡ್ಡಿಗಳು. ನಾಲ್ಕು ಕಡ್ಡಿಗಳಿಂದ ಒಂದು ಚೌಕ. ಪಕ್ಕದಲ್ಲೇ ಅಂಟಿಕೊಂಡ ಹಾಗೆ ಇನ್ನೊಂದು ಚೌಕ ಮಾಡಿದರೆ ಒಟ್ಟು ಏಳು ಕಡ್ಡಿ, ಮೂರು ಚೌಕಕ್ಕೆ ಹತ್ತು. ಹತ್ತು ಚೌಕಕ್ಕೆ ಎಷ್ಟು? ಮಕ್ಕಳು ಜೋಡಿಸಿ ಎಣಿಸಿ 31 ಎನ್ನುತ್ತಾರೆ. ನೂರಕ್ಕೆ ಎಷ್ಟು ಅಂತ ಕೇಳಿದಾಗ ಕಡ್ಡಿ ಸಾಲುವುದಿಲ್ಲ, ಆಗಲೇ ತಲೆ ಓಡುವುದು. ಒಬ್ಬಳು ಮೊದಲು ಒಂದು ಕಡ್ಡಿ ನಿಲ್ಲಿಸಿ, ಪ್ರತಿ ಚೌಕಕ್ಕೂ ಮೂರು ಮೂರು ಸೇರಿಸುತ್ತಾಳೆ: 1 + 3 × 100. ಇನ್ನೊಬ್ಬ ಮೊದಲ ಚೌಕದ ನಾಲ್ಕನ್ನು ಎಣಿಸಿ, ಉಳಿದ 99 ಚೌಕಗಳಿಗೆ ಮೂರು ಮೂರು ಕೂಡುತ್ತಾನೆ. ಮತ್ತೊಬ್ಬಳು ಮೇಲಿನ ಸಾಲು 100, ಕೆಳಗಿನ ಸಾಲು 100, ನಿಂತವು 101 ಎನ್ನುತ್ತಾಳೆ. ಮೂರು ದಾರಿಯಲ್ಲೂ ಬರುವುದು 301. ಈಗ 'ಎಷ್ಟು ಚೌಕ ಬೇಕಾದರೂ ಇರಲಿ, ಆ ಸಂಖ್ಯೆಯನ್ನು ನ ಅಂತ ಕರೆಯೋಣ' ಎಂದರೆ ಯಾರೂ ಬೆಚ್ಚುವುದಿಲ್ಲ. 1 + 3ನ, 4 + 3(ನ − 1), ನ + ನ + (ನ + 1) ಮೂರೂ ಬೋರ್ಡಿನ ಮೇಲೆ ಬರುತ್ತವೆ. ಇವು ಮೂರೂ ಒಂದೇನಾ ಅಂತ ಮಕ್ಕಳೇ ಕೇಳುತ್ತಾರೆ. ಆವರಣ ಬಿಡಿಸುವುದಕ್ಕೂ ಸಜಾತಿ ಪದಗಳನ್ನು (ನ ಇರುವವನ್ನು ಒಟ್ಟಿಗೆ, ಬರೀ ಸಂಖ್ಯೆಗಳನ್ನು ಒಟ್ಟಿಗೆ) ಕೂಡುವುದಕ್ಕೂ ಆಗ ಒಂದು ಕಾರಣ ಇರುತ್ತದೆ. 1 + 3ನ ಎಂದರೆ 4ನ ಅಂತ ಯಾರಾದರೂ ಬರೆದರೆ ನಾನು ತಿದ್ದಬೇಕಾಗಿಯೇ ಇಲ್ಲ, ಎರಡು ಚೌಕ ಜೋಡಿಸಿ ನೋಡು ಎಂದರೆ ಸಾಕು, ಎಂಟು ಕಡ್ಡಿ ಬೇಕಾಗುವುದಿಲ್ಲ ಅಂತ ಅವರಿಗೇ ಕಾಣುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಪಾಠಗಳು ಜಾಸ್ತಿ, ಪರೀಕ್ಷೆ ಹತ್ತಿರ. ಆದರೆ 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಸಮೀಕರಣಗಳನ್ನು ಬಿಡಿಸಿದ್ದು ಪೂರ್ತಿ ಮಾತುಗಳಲ್ಲೇ, ಚಿಹ್ನೆಗಳಿಲ್ಲದೆ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣಗಳ ಹೆಸರಿಟ್ಟು ಕಾ, ನೀ ಎಂದು ಮೊದಲ ಅಕ್ಷರ ಬರೆಯುತ್ತಿದ್ದರು. ಇವತ್ತಿನ ಎಕ್ಸ್, ವೈ, ಜಡ್ ರೂಢಿಗೆ ಬಂದದ್ದು 1637ರಲ್ಲಿ ಡೆಕಾರ್ಟ್‌ನಿಂದ. ದೊಡ್ಡ ದೊಡ್ಡ ಗಣಿತಜ್ಞರು ಇಷ್ಟು ನಿಧಾನವಾಗಿ ನಡೆದ ದಾರಿಯನ್ನು ಹನ್ನೊಂದು ವರ್ಷದ ಮಗು ಎರಡು ಪೀರಿಯಡ್‌ನಲ್ಲಿ ಮುಗಿಸಬೇಕೇ? ಎರಡು ವಾರ ಕೊಡೋಣ. ಮುಂದೆ 8, 9ನೇ ತರಗತಿಯಲ್ಲಿ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಹೇಳಿಕೊಡುವ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ.

ಪ್ರಶ್ನೆಪತ್ರಿಕೆ ತಯಾರಿಸುವವರಿಗೂ ಒಂದು ಕೋರಿಕೆ. 'ಎಕ್ಸ್‌ನ ಬೆಲೆ ಕಂಡುಹಿಡಿಯಿರಿ' ಎಂಬ ಹತ್ತು ಲೆಕ್ಕಗಳ ಜಾಗದಲ್ಲಿ ಎಂಟು ಕೊಡಿ, ಉಳಿದ ಎರಡರಲ್ಲಿ ವಿನ್ಯಾಸ ಕೊಟ್ಟು ನಿಯಮ ಬರೆಸಿ, ಯಾಕೆ ಅಂತ ಎರಡು ಸಾಲಿನಲ್ಲಿ ಹೇಳಿಸಿ. ಪರೀಕ್ಷೆಯಲ್ಲಿ ಬಂದರೆ ತರಗತಿಯಲ್ಲೂ ಬರುತ್ತದೆ. ನಿಮ್ಮ ಪತ್ರಿಕೆಯಲ್ಲಿ ಮಕ್ಕಳಿಗಾಗಿ ಸ್ವಲ್ಪ ಜಾಗ ಇದ್ದರೆ ಅಲ್ಲಿ ವಾರಕ್ಕೊಂದು ಕಡ್ಡಿ ವಿನ್ಯಾಸ ಹಾಕಿ. ಉತ್ತರವನ್ನು ಅದೇ ದಿನ ತಲೆಕೆಳಗಾಗಿ ಅಚ್ಚು ಹಾಕಬೇಡಿ, ಮಕ್ಕಳು ಕಳಿಸುವ ಬೇರೆ ಬೇರೆ ದಾರಿಗಳನ್ನು ಮುಂದಿನ ವಾರ ಪ್ರಕಟಿಸಿ.

ಇತಿ,
ಒಬ್ಬ ಗಣಿತ ಶಿಕ್ಷಕಿ